ಉಂಡ ಮೇಲೆ ಹೊಟ್ಟೆ ಭಾರವೇಕೆ? ಅಡುಗೆಮನೆಯ ಮದ್ದಿನ ಹಿಂದಿನ ವಿಜ್ಞಾನ

ಎಳ್ಳ ಅಮಾವಾಸ್ಯೆಯ ದಿನ ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯ ಎರೆಹೊಲಗಳನ್ನು ನೋಡಬೇಕು. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಚರಗ ಚೆಲ್ಲಿದ ಮೇಲೆ ಮರದ ನೆರಳಿನಲ್ಲಿ ಊಟ. ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೊಳಕೆ ಕಾಳಿನ ಪಲ್ಲೆ, ಅಗಸಿ ಹಿಂಡಿ, ಶೇಂಗಾ ಹೋಳಿಗೆ, ಕಡುಬು, ಮೊಸರನ್ನ! 'ಇನ್ನೊಂದು ಹೋಳಿಗೆ ಹಾಕಿಸಿಕೋ' ಎಂದು ಬಡಿಸುವವರ ಒತ್ತಾಯ ಬೇರೆ.

ಊಟವಾದ ಅರ್ಧ ಗಂಟೆಗೆ ಇನ್ನೊಂದು ನೋಟ ಕಾಣುತ್ತದೆ. ಒಬ್ಬರು ಹೊಟ್ಟೆ ಹಿಡಿದುಕೊಂಡು ಕೂರುತ್ತಾರೆ. ಇನ್ನೊಬ್ಬರಿಗೆ ಹುಳಿತೇಗು. ಮತ್ತೊಬ್ಬರಿಗೆ ಎದೆಯುರಿ. ಅಜ್ಜಿ 'ಒಂದು ಚಿಟಿಕೆ ಅಜವಾನ ಅಗಿ' ಎನ್ನುತ್ತಾಳೆ. ಅವ್ವ ಜೀರಿಗೆ ಹಾಕಿದ ಮಜ್ಜಿಗೆ ಕೊಡುತ್ತಾಳೆ. ಕಾಕಾ 'ಸೋಡಾ ಕುಡಿದರೆ ಸರಿಹೋಗುತ್ತದೆ' ಎನ್ನುತ್ತಾನೆ.

ವಿದ್ಯಾರ್ಥಿಗಳೇ, ಇವುಗಳಲ್ಲಿ ಯಾವುದು ನಿಜವಾಗಿ ಕೆಲಸ ಮಾಡುತ್ತದೆ? ಹೇಗೆ? ಯಾವ ಹೊಟ್ಟೆನೋವಿಗೆ ಮನೆಮದ್ದು ಸಾಕು, ಯಾವುದಕ್ಕೆ ಸಾಲದು? ಈ ಕೊನೆಯ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಒಂದು ಜೀವವನ್ನೇ ಉಳಿಸಬಹುದು. ಬನ್ನಿ, ಒಂದೊಂದಾಗಿ ತಿಳಿಯೋಣ.

ತುತ್ತಿನ ಪಯಣ

ಪಚನ ಕ್ರಿಯೆ ಬಾಯಿಯಲ್ಲಿಯೇ ಆರಂಭವಾಗುತ್ತದೆ. ಹಲ್ಲುಗಳು ಆಹಾರವನ್ನು ಅರೆಯುತ್ತವೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ರೊಟ್ಟಿಯಲ್ಲಿರುವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯಲು ತೊಡಗುತ್ತದೆ. ತುತ್ತು ಅನ್ನನಾಳದ ಮೂಲಕ ಇಳಿದು ಜಠರವನ್ನು ಸೇರುತ್ತದೆ. ಅಲ್ಲಿ ಬಾಗಿಲಿನಂತಹ ಒಂದು ಸ್ನಾಯುವಿನ ಉಂಗುರವಿದೆ. ಕೆಳಗಿಳಿದ ಆಹಾರ ಮೇಲಕ್ಕೆ ಬರದಂತೆ ಅದು ಮುಚ್ಚಿಕೊಳ್ಳುತ್ತದೆ.

ಜಠರ ಹಿಗ್ಗುವ ಚೀಲವಿದ್ದಂತೆ. ದೊಡ್ಡವರಲ್ಲಿ ಸುಮಾರು ಒಂದರಿಂದ ಒಂದೂವರೆ ಲೀಟರ್ ಆಹಾರ ಹಿಡಿಯುತ್ತದೆ. ಅದರ ಒಳಗೋಡೆಯಿಂದ ಹೈಡ್ರೋಕ್ಲೋರಿಕ್ ಆಮ್ಲ ಸ್ರವಿಸುತ್ತದೆ. ಜಠರದ ಸ್ನಾಯುಗಳು ಆಹಾರವನ್ನು ಮಜ್ಜಿಗೆ ಕಡೆದಂತೆ ಕಡೆಯುತ್ತವೆ. ಎರಡರಿಂದ ನಾಲ್ಕು ಗಂಟೆಗಳಲ್ಲಿ ಗಂಜಿಯಂತಾದ ಆಹಾರ ಸ್ವಲ್ಪ ಸ್ವಲ್ಪವೇ ಸಣ್ಣ ಕರುಳಿಗೆ ಇಳಿಯುತ್ತದೆ. ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳಿನಲ್ಲಿ ಪಿತ್ತರಸ ಮತ್ತು ಮೇದೋಜೀರಕ ರಸಗಳು ಸೇರಿ ಪಚನ ಪೂರ್ಣವಾಗುತ್ತದೆ. ಪೋಷಕಾಂಶಗಳು ರಕ್ತವನ್ನು ಸೇರುತ್ತವೆ. ಉಳಿದದ್ದು ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳಿಗೆ ಹೋಗುತ್ತದೆ.

ಹೊಟ್ಟೆಗೊಂದು ಕಿಟಕಿ

ಜಠರದೊಳಗೆ ಏನು ನಡೆಯುತ್ತದೆ ಎಂಬುದು ಮನುಷ್ಯನಿಗೆ ತಿಳಿದ ಬಗೆ ವಿಚಿತ್ರವಾದುದು. 1822ರ ಜೂನ್ 6ರಂದು ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನ ಹೊಟ್ಟೆಗೆ ಆಕಸ್ಮಿಕವಾಗಿ ಬಂದೂಕಿನ ಗುಂಡು ತಗುಲಿತು. ಸೈನ್ಯದ ವೈದ್ಯ ವಿಲಿಯಂ ಬ್ಯೂಮಾಂಟ್ ಚಿಕಿತ್ಸೆ ನೀಡಿದರು. ಯುವಕ ಬದುಕಿದ. ಆದರೆ ಹೊಟ್ಟೆಯ ಗಾಯ ಪೂರ್ತಿ ಮುಚ್ಚಲಿಲ್ಲ. ಜಠರಕ್ಕೆ ಕಿಟಕಿ ಇಟ್ಟಂತೆ ಒಂದು ರಂಧ್ರ ಉಳಿಯಿತು!

ಬ್ಯೂಮಾಂಟ್ ಆಹಾರದ ತುಣುಕುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ರಂಧ್ರದ ಮೂಲಕ ಒಳಗೆ ಬಿಟ್ಟರು. ಆಗಾಗ ಹೊರಗೆಳೆದು ನೋಡಿದರು. ಅವರು 1833ರಲ್ಲಿ ತಮ್ಮ ಅವಲೋಕನಗಳನ್ನು ಪುಸ್ತಕವಾಗಿ ಪ್ರಕಟಿಸಿದರು. ಜಿಡ್ಡಿನ ಆಹಾರ ನಿಧಾನವಾಗಿ ಕರಗುತ್ತದೆ, ಸಿಟ್ಟು ಬಂದಾಗ ಪಚನಕ್ಕೆ ಅಡ್ಡಿಯಾಗುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡರು. 'ಉಣ್ಣುವಾಗ ಜಗಳ ಬೇಡ' ಎಂದು ಹಿರಿಯರು ಹೇಳುವುದು ಸುಮ್ಮನೆ ಅಲ್ಲ.

ಮೂರು ತೊಂದರೆ, ಮೂರು ಕಾರಣ

'ಹೊಟ್ಟೆ ಸರಿಯಿಲ್ಲ' ಎಂದು ನಾವು ಒಂದೇ ಮಾತಿನಲ್ಲಿ ಹೇಳುತ್ತೇವೆ. ಆದರೆ ತೊಂದರೆಗಳು ಬೇರೆ ಬೇರೆ.

ಮೊದಲನೆಯದು ಹೊಟ್ಟೆ ಭಾರ. ಸಣ್ಣ ಕರುಳಿಗೆ ಕೊಬ್ಬು ತಲುಪಿದ ಕೂಡಲೇ ಅಲ್ಲಿಂದ ಒಂದು ಹಾರ್ಮೋನು ಹೊರಡುತ್ತದೆ. 'ನಿಧಾನ, ಇಲ್ಲಿ ಕೆಲಸ ಬಹಳವಿದೆ' ಎಂದು ಅದು ಜಠರಕ್ಕೆ ತಿಳಿಸುತ್ತದೆ. ಜಠರ ತನ್ನ ವೇಗ ತಗ್ಗಿಸುತ್ತದೆ. ಗದಗ-ಬೆಟಗೇರಿಯ ಪೇಟೆಯಲ್ಲಿ ಸಂಜೆ ನಾಲ್ಕೈದು ಬಿಸಿ ಮಿರ್ಚಿ ಭಜಿ ತಿಂದವರಿಗೆ ರಾತ್ರಿ ಹಸಿವೆಯೇ ಆಗದಿರುವುದು ಇದೇ ಕಾರಣಕ್ಕೆ.

ಎರಡನೆಯದು ಹೊಟ್ಟೆಯುಬ್ಬರ ಅಥವಾ ವಾಯು. ಕಡಲೆ, ತೊಗರಿ, ಮಡಕಿ, ಅವರೆ ಕಾಳುಗಳಲ್ಲಿ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳಿವೆ. ಇವನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿಲ್ಲ. ಹಾಗಾಗಿ ಇವು ಹಾಗೆಯೇ ದೊಡ್ಡ ಕರುಳನ್ನು ಸೇರುತ್ತವೆ. ಅಲ್ಲಿ ವಾಸವಾಗಿರುವ ಕೋಟ್ಯಂತರ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ! ಅವು ಈ ಸಕ್ಕರೆಯನ್ನು ಹುದುಗಿಸುವಾಗ ಹೈಡ್ರೋಜನ್, ಕಾರ್ಬನ್ ಡೈ ಆಕ್ಸೈಡ್, ಕೆಲವರಲ್ಲಿ ಮೀಥೇನ್ ಅನಿಲಗಳು ಉಂಟಾಗುತ್ತವೆ. ಅವಸರದಿಂದ ಉಣ್ಣುವಾಗ ನುಂಗಿದ ಗಾಳಿಯೂ ಇದಕ್ಕೆ ಸೇರುತ್ತದೆ. ದಿನಕ್ಕೆ ಹತ್ತು ಹದಿನೈದು ಸಲ ವಾಯು ಹೋಗುವುದು ಸಹಜ. ಅದಕ್ಕೆ ನಗುವ ಕಾರಣವಿಲ್ಲ.

ಮೂರನೆಯದು ಎದೆಯುರಿ. ಅನ್ನನಾಳದ ಬುಡದ ಉಂಗುರ ಸಡಿಲಾದಾಗ, ಅಥವಾ ಜಠರ ಅತಿಯಾಗಿ ತುಂಬಿದಾಗ, ಆಮ್ಲ ಮೇಲಕ್ಕೆ ಬರುತ್ತದೆ. ಜಠರದ ಗೋಡೆಗೆ ಲೋಳೆಯ ರಕ್ಷಣೆಯಿದೆ, ಅನ್ನನಾಳಕ್ಕೆ ಅಷ್ಟು ರಕ್ಷಣೆಯಿಲ್ಲ. ಆದ್ದರಿಂದ ಉರಿಯುತ್ತದೆ. ಉಂಡ ಕೂಡಲೇ ಮಲಗಿದರೆ ಆಮ್ಲ ಮೇಲೆ ಬರುವುದು ಇನ್ನೂ ಸುಲಭ. ಇದು ಹೃದಯದ ಉರಿಯಲ್ಲ, ಅನ್ನನಾಳದ ಉರಿ.

*ನಿಮಗೆ ಗೊತ್ತೇ?*
ಮೆಣಸಿನಕಾಯಿ ಖಾರವಾಗಲು ಕ್ಯಾಪ್ಸೈಸಿನ್ ಎಂಬ ವಸ್ತು ಕಾರಣ. ಬಿಸಿಯನ್ನು ಗುರುತಿಸುವ ನರತುದಿಗಳನ್ನೇ ಅದು ಕೆರಳಿಸುತ್ತದೆ. ಆದ್ದರಿಂದಲೇ ಖಾರ ತಿಂದರೆ ಬಾಯಿ 'ಸುಟ್ಟಂತೆ' ಅನಿಸುತ್ತದೆ. ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು ಈ ಗ್ರಾಹಕವನ್ನು ಗುರುತಿಸಿ 1997ರಲ್ಲಿ ಪ್ರಕಟಿಸಿದರು. ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಕ್ಯಾಪ್ಸೈಸಿನ್ ನೀರಿನಲ್ಲಿ ಸರಿಯಾಗಿ ಕರಗದು. ಹಾಲು, ಮೊಸರಿನಲ್ಲಿರುವ ಕೇಸಿನ್ ಎಂಬ ಪ್ರೋಟೀನು ಅದನ್ನು ಹಿಡಿದು ಒಯ್ಯುತ್ತದೆ. ಖಾರದ ಹಿಂಡಿಯ ಮೇಲೆ ಮೊಸರು ಹಾಕಿಕೊಳ್ಳುವ ರೂಢಿ ಎಷ್ಟು ಜಾಣತನದ್ದು!

ಕೊಡೆ ಹೂವಿನ ಕುಟುಂಬ

ಈಗ ಅಡುಗೆಮನೆಯ ಮಸಾಲೆ ಡಬ್ಬಿ ತೆರೆಯೋಣ. ಅಜವಾನ (ಓಂಕಾಳು), ಜೀರಿಗೆ, ಹವೀಜ (ಕೊತ್ತಂಬರಿ ಬೀಜ), ಬಡೇಸೋಪು, ಇಂಗು. ಇವೆಲ್ಲ ಒಂದೇ ಸಸ್ಯ ಕುಟುಂಬಕ್ಕೆ ಸೇರಿದವು ಎಂದರೆ ನಂಬುತ್ತೀರಾ? ನಾವು ಪಲ್ಲೆ ಮಾಡುವ ಸಬ್ಬಸಗಿ, ಹಸಿಯಾಗಿ ತಿನ್ನುವ ಗಜ್ಜರಿ ಕೂಡ ಇದೇ ಕುಟುಂಬದವು. ಇವುಗಳ ಹೂಗೊಂಚಲು ಬಿಚ್ಚಿದ ಕೊಡೆಯಂತೆ ಕಾಣುತ್ತದೆ. ಬೀಜಗಳಲ್ಲಿ ಸುವಾಸನೆಯ ಎಣ್ಣೆಗಳಿರುತ್ತವೆ. ಗಿಡ ತನ್ನನ್ನು ಕೀಟ ಮತ್ತು ಬೂಷ್ಟುಗಳಿಂದ ಕಾಪಾಡಿಕೊಳ್ಳಲು ಇಂಥ ಎಣ್ಣೆಗಳು ನೆರವಾಗುತ್ತವೆ.

ಅಜವಾನದ ಘಾಟು ಥೈಮಾಲ್ ಎಂಬ ವಸ್ತುವಿನದು. ಬಾಯಿ ತೊಳೆಯುವ ಕೆಲವು ಔಷಧಿಗಳಲ್ಲಿಯೂ ಥೈಮಾಲ್ ಇರುತ್ತದೆ. ಬಡೇಸೋಪಿನ ಸಿಹಿ ಪರಿಮಳ ಅನೆಥೋಲ್‌ನದು. ಇಂತಹ ಎಣ್ಣೆಗಳು ಕರುಳಿನ ಸ್ನಾಯುಗಳ ಬಿಗಿತವನ್ನು ಸಡಿಲಿಸುತ್ತವೆ ಎಂಬುದು ಪ್ರಯೋಗಾಲಯದಲ್ಲಿ ಪ್ರಾಣಿಗಳ ಕರುಳಿನ ತುಣುಕುಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಕಂಡುಬಂದಿದೆ. ಸ್ನಾಯು ಸಡಿಲಾದರೆ ಸಿಕ್ಕಿಕೊಂಡ ಗಾಳಿ ಮುಂದೆ ಸಾಗಿ ನೋವು ತಗ್ಗುತ್ತದೆ. ಮಿರ್ಚಿ ಭಜಿಯ ಕಡಲೆಹಿಟ್ಟಿಗೆ ಅಜವಾನ, ಬೇಳೆಯ ಒಗ್ಗರಣೆಗೆ ಇಂಗು ಮತ್ತು ಜೀರಿಗೆ ಹಾಕುವ ರೂಢಿಯನ್ನು ನೆನೆಸಿಕೊಳ್ಳಿ. ಎಲ್ಲಿ ಕಾಳು-ಬೇಳೆ ಇದೆಯೋ ಅಲ್ಲಿಯೇ ಈ ಮಸಾಲೆಗಳೂ ಇವೆ!

ಬಳಸುವ ಬಗೆ ಸುಲಭ. ಒಂದು ಚಿಟಿಕೆ ಅಜವಾನವನ್ನು ಅಗಿದು ಬೆಚ್ಚನೆಯ ನೀರು ಕುಡಿಯಬಹುದು. ಅಥವಾ ಒಂದು ಲೋಟ ನೀರಿಗೆ ಅರ್ಧ ಚಮಚ ಜೀರಿಗೆ ಹಾಕಿ ಕುದಿಸಿ, ಸೋಸಿ, ಆರಿದ ಮೇಲೆ ಕುಡಿಯಬಹುದು. ಹೆಚ್ಚು ಹಾಕಿದರೆ ಹೆಚ್ಚು ಗುಣ ಎಂದು ತಿಳಿಯಬಾರದು. ಅಜವಾನ ಅತಿಯಾದರೆ ಅದೇ ಉರಿ ತರುತ್ತದೆ.

ಇಂಗು ಒಂದು ಗಿಡದ ಬೇರಿನಿಂದ ಒಸರುವ ಅಂಟು. ಇರಾನ್, ಅಫ್ಘಾನಿಸ್ತಾನದಂತಹ ಒಣ, ತಂಪು ಪ್ರದೇಶಗಳಲ್ಲಿ ಈ ಗಿಡ ಬೆಳೆಯುತ್ತದೆ. ಬಹುಕಾಲ ನಾವು ಇಂಗನ್ನು ಹೊರದೇಶಗಳಿಂದಲೇ ತರಿಸುತ್ತಿದ್ದೆವು. 2020ರ ಅಕ್ಟೋಬರ್ 15ರಂದು ಪಾಲಂಪುರದ ಹಿಮಾಲಯ ಜೈವಿಕ ಸಂಪನ್ಮೂಲ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಇಂಗಿನ ಸಸಿ ನೆಟ್ಟು ಬೇಸಾಯಕ್ಕೆ ಚಾಲನೆ ನೀಡಿದರು.

ಶುಂಠಿ ಮತ್ತು ಮಜ್ಜಿಗೆ

ಮನೆಮದ್ದುಗಳಲ್ಲಿ ಮನುಷ್ಯರ ಮೇಲೆಯೇ ಚೆನ್ನಾಗಿ ಪರೀಕ್ಷೆಗೆ ಒಳಗಾದುದು ಶುಂಠಿ. ತೈವಾನಿನ ವೈದ್ಯರು 24 ಮಂದಿ ಆರೋಗ್ಯವಂತರಿಗೆ ಒಂದು ದಿನ 1.2 ಗ್ರಾಂ ಶುಂಠಿ ಪುಡಿಯ ಗುಳಿಗೆ, ಇನ್ನೊಂದು ದಿನ ಶುಂಠಿಯಿಲ್ಲದ ಗುಳಿಗೆ ಕೊಟ್ಟರು. ಬಳಿಕ ಸಾರು ಕುಡಿಸಿ ಜಠರ ಎಷ್ಟು ಬೇಗ ಖಾಲಿಯಾಗುತ್ತದೆ ಎಂದು ನೋಡಿದರು. ಅರ್ಧ ಖಾಲಿಯಾಗಲು ಶುಂಠಿ ಇಲ್ಲದಾಗ ಸುಮಾರು 27 ನಿಮಿಷ, ಶುಂಠಿ ಇದ್ದಾಗ ಸುಮಾರು 13 ನಿಮಿಷ ಸಾಕಾಯಿತು. ಈ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಹೊಟ್ಟೆ ಭಾರ ಮತ್ತು ವಾಕರಿಕೆಗೆ ಶುಂಠಿ ಏಕೆ ಹಿತ ಎಂಬುದಕ್ಕೆ ಇದೊಂದು ಸುಳಿವು.

ಈ ಪ್ರಯೋಗದಲ್ಲಿ ಒಂದು ಜಾಣತನವಿದೆ, ಗಮನಿಸಿ. ಶುಂಠಿಯಿಲ್ಲದ ಗುಳಿಗೆಯನ್ನು ಏಕೆ ಕೊಟ್ಟರು? ಹೊಟ್ಟೆ ಭಾರ ಸಾಮಾನ್ಯವಾಗಿ ಹೊತ್ತು ಕಳೆದಂತೆ ತಾನಾಗಿಯೇ ಇಳಿಯುತ್ತದೆ. ಮದ್ದು ತಿಂದ ಮೇಲೆ ಇಳಿದರೆ ಮದ್ದಿನಿಂದಲೇ ಇಳಿಯಿತು ಎಂದು ನಾವು ನಂಬುತ್ತೇವೆ. ಮದ್ದು ಇದ್ದಾಗ ಮತ್ತು ಇಲ್ಲದಾಗ ಎರಡನ್ನೂ ಹೋಲಿಸಿ ನೋಡಿದರೆ ಮಾತ್ರ ನಿಜ ತಿಳಿಯುತ್ತದೆ. ವಿಜ್ಞಾನದ ದಾರಿ ಇದು.

ಇನ್ನು ಮಜ್ಜಿಗೆ. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆಯಿದೆ. ಅದನ್ನು ಒಡೆಯುವ ಕಿಣ್ವ ಕಡಿಮೆಯಿರುವವರಿಗೆ ಹಾಲು ಕುಡಿದರೆ ಹೊಟ್ಟೆ ಗುಡುಗುಡು ಎನ್ನುತ್ತದೆ. ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸಿನ ಒಂದು ಭಾಗವನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಆದ್ದರಿಂದ ಹಾಲು ಒಗ್ಗದ ಅನೇಕರಿಗೆ ಮೊಸರು, ಮಜ್ಜಿಗೆ ಒಗ್ಗುತ್ತವೆ. ಶುದ್ಧ ನೀರು ಬೆರೆಸಿ, ಜೀರಿಗೆ, ಶುಂಠಿ, ಚಿಟಿಕೆ ಇಂಗು ಮತ್ತು ಉಪ್ಪು ಹಾಕಿದ ತಿಳಿ ಮಜ್ಜಿಗೆ ಬೇಸಿಗೆಯ ಮಧ್ಯಾಹ್ನಕ್ಕೆ ಹೇಳಿಮಾಡಿಸಿದ ಪಾನೀಯ.

ಮದ್ದಿಗಿಂತ ಮೊದಲು

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆ ನಿಮಗೆ ಗೊತ್ತು. ಮದ್ದಿನ ಅಗತ್ಯವೇ ಬಾರದಂತೆ ಮಾಡುವ ಕೆಲವು ರೂಢಿಗಳು ಹೀಗಿವೆ:

1. ತುತ್ತನ್ನು ಚೆನ್ನಾಗಿ ಅಗಿದು ನಿಧಾನವಾಗಿ ಉಣ್ಣಿ. ಹೊಟ್ಟೆ ತುಂಬಿದ ಸುದ್ದಿ ಮೆದುಳಿಗೆ ಮುಟ್ಟಲು ಸುಮಾರು 20 ನಿಮಿಷ ಬೇಕು.
2. ಕಾಳುಗಳನ್ನು ರಾತ್ರಿಯಿಡೀ ನೆನೆಸಿ ಆ ನೀರನ್ನು ಚೆಲ್ಲಿ, ಬೇಯಿಸಿ. ಮೊಳಕೆ ಕಟ್ಟಿದರೆ ಇನ್ನೂ ಒಳ್ಳೆಯದು. ಮೊಳೆಯುವಾಗ ಕಾಳು ತನ್ನ ರಾಫಿನೋಸನ್ನು ತಾನೇ ಬಳಸಿಕೊಳ್ಳುತ್ತದೆ. ನಮ್ಮ ಭಾಗದ ಮಡಕಿ, ಹೆಸರು ಕಾಳಿನ ಮೊಳಕೆ ಪಲ್ಲೆಯ ಗುಟ್ಟು ಇದು.
3. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇರುವುದು ಸುಮಾರು 3 ಗ್ರಾಂ ಮಾತ್ರ. ನಾರು ಮಲಬದ್ಧತೆಯನ್ನು ತಡೆಯುತ್ತದೆ. ಆದರೆ ಜೊತೆಗೆ ಸಾಕಷ್ಟು ನೀರು ಕುಡಿಯಬೇಕು. ಮುಂಡರಗಿ ತಾಲ್ಲೂಕಿನ ಡಂಬಳದ ರೊಟ್ಟಿ ಜಾತ್ರೆಯಲ್ಲಿ ಸಾಲಾಗಿ ಕುಳಿತು ರೊಟ್ಟಿ, ಪಲ್ಲೆ, ಕರಿಂಡಿ ಉಣ್ಣುವವರು ಎಂತಹ ಒಳ್ಳೆಯ ಆಹಾರ ಉಣ್ಣುತ್ತಾರೆ ನೋಡಿ!
4. ಊಟದ ಬಳಿಕ ಹತ್ತು ನಿಮಿಷ ಮೆಲ್ಲಗೆ ನಡೆಯಿರಿ. ಓಟ, ಕಬಡ್ಡಿ ಬೇಡ. ಮಲಗುವ ಎರಡು ಗಂಟೆ ಮೊದಲೇ ರಾತ್ರಿ ಊಟ ಮುಗಿಸಿ.
5. ಊಟಕ್ಕೆ ಮೊದಲು ಸಾಬೂನಿನಿಂದ ಕೈ ತೊಳೆಯಿರಿ.

ರೂಢಿಯೆಲ್ಲ ಒಳ್ಳೆಯದಲ್ಲ

ಹೊಟ್ಟೆಯುಬ್ಬರಕ್ಕೆ ಕೆಲವರು ಅಡುಗೆ ಸೋಡಾವನ್ನು ನೀರಿಗೆ ಹಾಕಿ ಕುಡಿಯುತ್ತಾರೆ. ಸೋಡಾ ಜಠರದ ಆಮ್ಲದೊಡನೆ ಸೇರಿದಾಗ ಕಾರ್ಬನ್ ಡೈ ಆಕ್ಸೈಡ್ ಉಂಟಾಗಿ ದೊಡ್ಡ ತೇಗು ಬರುತ್ತದೆ. 'ಗ್ಯಾಸ್ ಹೋಯಿತು' ಎಂದು ಅನಿಸುತ್ತದೆ. ನಿಜವಾಗಿ ಆ ಅನಿಲವನ್ನು ಹುಟ್ಟಿಸಿದ್ದೇ ಸೋಡಾ! ಅದರಲ್ಲಿ ಸೋಡಿಯಂ ಕೂಡ ಬಹಳ. ಕಂಠಪೂರ್ತಿ ಉಂಡ ಮೇಲೆ ಸೋಡಾಪುಡಿ ಕುಡಿದು ಜಠರವೇ ಬಿರಿದ ಅಪರೂಪದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಮಕ್ಕಳಿಗೆ ಇದು ಬೇಡವೇ ಬೇಡ.

ಊಟದ ಬಳಿಕ ಎಲೆ-ಅಡಿಕೆ ಜೀರ್ಣಕಾರಿ ಎಂಬ ನಂಬಿಕೆಯೂ ಇದೆ. ಆದರೆ ಅಡಿಕೆ ಅಗಿಯುವುದರಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಸ್ಪಷ್ಟಪಡಿಸಿತು. ಬಾಯಿಗೆ ಪರಿಮಳ ಬೇಕಿದ್ದರೆ ನಾಲ್ಕು ಕಾಳು ಬಡೇಸೋಪು ಸಾಕು.

ಇನ್ನೊಂದು ಕ್ರೂರ ರೂಢಿಯನ್ನು ಹೇಳಲೇಬೇಕು. ಹಸುಗೂಸಿನ ಹೊಟ್ಟೆ ಉಬ್ಬಿದರೆ, ಕೂಸು ಎಡೆಬಿಡದೆ ಅತ್ತರೆ ಉತ್ತರ ಕರ್ನಾಟಕದ ಕೆಲವೆಡೆ ಇಂದಿಗೂ ಹೊಟ್ಟೆಗೆ ಬರೆ ಹಾಕುತ್ತಾರೆ. ಇದು ಮದ್ದಲ್ಲ, ಸುಟ್ಟ ಗಾಯ. ಗಾಯಕ್ಕೆ ನಂಜು ಏರಿ ಕೂಸುಗಳು ಸತ್ತಿರುವುದುಂಟು. ಆರು ತಿಂಗಳು ತುಂಬುವವರೆಗೆ ಕೂಸಿಗೆ ತಾಯಿಯ ಹಾಲು ಮಾತ್ರ ಸಾಕು. ಜೇನು, ಔಡಲೆಣ್ಣೆ, ಸಕ್ಕರೆ ನೀರು ಕೂಡ ಬೇಡ. ನಿಮ್ಮ ಮನೆಯಲ್ಲಿ ಅಥವಾ ಓಣಿಯಲ್ಲಿ ಬರೆ ಹಾಕುವ ಮಾತು ಬಂದರೆ ಕೂಡಲೇ ಶಿಕ್ಷಕರಿಗೆ ಅಥವಾ ಆಶಾ ಕಾರ್ಯಕರ್ತೆಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು.

ಇದು ಮನೆಮದ್ದಿನ ಕೆಲಸವಲ್ಲ

ನಮ್ಮ ದೊಡ್ಡ ಕರುಳಿನ ಆರಂಭದಲ್ಲಿ ಬೆರಳಿನಂತಹ ಒಂದು ಚಿಕ್ಕ ಭಾಗವಿದೆ. ಅದು ಅಪೆಂಡಿಕ್ಸ್. ಅದು ಊದಿಕೊಂಡರೆ ಸಾಮಾನ್ಯವಾಗಿ ನೋವು ಹೊಕ್ಕುಳಿನ ಸುತ್ತ ಶುರುವಾಗಿ, ಕೆಲವು ಗಂಟೆಗಳಲ್ಲಿ ಹೊಟ್ಟೆಯ ಬಲಗಡೆ ಕೆಳಭಾಗಕ್ಕೆ ಇಳಿಯುತ್ತದೆ. ನಡೆದರೆ, ಕೆಮ್ಮಿದರೆ ನೋವು ಹೆಚ್ಚುತ್ತದೆ. ಹಸಿವೆ ಇರುವುದಿಲ್ಲ. ವಾಂತಿ, ಜ್ವರ ಬರಬಹುದು. ಇಂತಹ ಹೊತ್ತಿನಲ್ಲಿ 'ಹೊಕ್ಕುಳು ಸರಿದಿದೆ' ಎಂದು ಹೊಟ್ಟೆ ತಿಕ್ಕಿಸುವುದು, ಭೇದಿಗೆ ಔಡಲೆಣ್ಣೆ ಕುಡಿಸುವುದು ಅಪಾಯಕರ. ಊದಿದ ಅಪೆಂಡಿಕ್ಸ್ ಒಡೆದು ಹೊಟ್ಟೆಯ ತುಂಬ ಕೀವು ಹರಡಬಹುದು. ಬೇಗ ಆಸ್ಪತ್ರೆ ಸೇರಿದರೆ ಇದು ಪೂರ್ತಿ ಗುಣವಾಗುವ ಕಾಯಿಲೆ.

ಕೆಳಗಿನ ಯಾವುದೇ ಒಂದು ಲಕ್ಷಣ ಕಂಡರೂ ದೊಡ್ಡವರಿಗೆ ಹೇಳಿ, ವೈದ್ಯರ ಬಳಿ ಹೋಗಿ:

• ಕೆಲವು ಗಂಟೆಗಳಾದರೂ ಇಳಿಯದ, ಹೆಚ್ಚುತ್ತಲೇ ಹೋಗುವ ನೋವು
• ಹಸಿರು ಬಣ್ಣದ ಅಥವಾ ರಕ್ತ ಬೆರೆತ ವಾಂತಿ
• ಮಲದಲ್ಲಿ ರಕ್ತ, ಅಥವಾ ಟಾರಿನಂತಹ ಕಪ್ಪು ಮಲ
• ಹಲಗೆಯಂತೆ ಗಟ್ಟಿಯಾದ ಹೊಟ್ಟೆ, ಮಲ-ವಾಯು ಎರಡೂ ನಿಂತಿರುವುದು
• ನೋವಿನೊಡನೆ ಜ್ವರ, ಮಂಕು, ಮೂತ್ರ ಕಡಿಮೆಯಾಗುವುದು

ತುರ್ತಿದ್ದರೆ 108ಕ್ಕೆ ಕರೆ ಮಾಡಿ. ಅಂಬುಲೆನ್ಸ್ ಉಚಿತವಾಗಿ ಬರುತ್ತದೆ.

ಹಳಸಿದ ಊಟದಿಂದ ವಾಂತಿ-ಭೇದಿಯಾದರೆ ದೇಹದ ನೀರು ಮತ್ತು ಲವಣ ಹೊರಹೋಗುತ್ತವೆ. ಆಗ ಓ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಬರೆದಷ್ಟು ನೀರಿನಲ್ಲಿ ಕರಗಿಸಿ ಕುಡಿಸಬೇಕು. ಪೊಟ್ಟಣ ಸಿಗುವವರೆಗೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ 6 ಚಹಾ ಚಮಚ ಸಕ್ಕರೆ ಮತ್ತು ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿ. ಸಕ್ಕರೆಯಲ್ಲಿರುವ ಗ್ಲೂಕೋಸ್ ಕರುಳಿನ ಗೋಡೆ ದಾಟುವಾಗ ಉಪ್ಪಿನ ಸೋಡಿಯಂ ಅದರ ಜೊತೆಗೆ ದಾಟುತ್ತದೆ. ನೀರು ಅವುಗಳ ಬೆನ್ನು ಹತ್ತುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಅವರು ಇಂತಹ ದ್ರಾವಣವನ್ನೇ ಕುಡಿಸಿದರು. ಕಾಲರಾದಿಂದ ನೂರಕ್ಕೆ 30ರಷ್ಟು ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅಡುಗೆಮನೆಯ ಉಪ್ಪು-ಸಕ್ಕರೆಗೆ ಎಂತಹ ಶಕ್ತಿ!

ಕಪ್ಪತಗುಡ್ಡದ ಮಾತು

ಔಷಧಿ ಗಿಡಗಳೆಂದರೆ ನಮ್ಮ ಜಿಲ್ಲೆಯವರಿಗೆ ಕಪ್ಪತಗುಡ್ಡದ ನೆನಪಾಗುತ್ತದೆ. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿರುವ ಈ ಗುಡ್ಡಸಾಲಿನ 244.15 ಚದರ ಕಿಲೋಮೀಟರ್ ಪ್ರದೇಶವನ್ನು 2019ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಅಲ್ಲಿ ಗಿಡ ಕೀಳುವುದು ಕಾನೂನಿಗೆ ವಿರುದ್ಧ. ಅಲ್ಲದೆ, ಮದ್ದಿನ ಗಿಡದಂತೆಯೇ ಕಾಣುವ ವಿಷದ ಗಿಡಗಳೂ ಇರುತ್ತವೆ. ಗುರುತಿಲ್ಲದ ಎಲೆ, ಬೇರು, ಕಾಯಿಗಳನ್ನು ಎಂದೂ ಬಾಯಿಗೆ ಹಾಕಬೇಡಿ. ನೋಡಿ, ಚಿತ್ರ ಬರೆಯಿರಿ, ಹೆಸರು ಕೇಳಿ ತಿಳಿಯಿರಿ. ಅಲ್ಲಿಯೇ ಬಿಟ್ಟು ಬನ್ನಿ.

ಮಾಡಿ ನೋಡಿ

1. ರೊಟ್ಟಿಯ ಒಂದು ಚೂರನ್ನು ಎರಡು ನಿಮಿಷ ಅಗಿಯುತ್ತಲೇ ಇರಿ. ರುಚಿ ಹೇಗೆ ಬದಲಾಯಿತು? ಕಾರಣ ಬರೆಯಿರಿ.
2. ಸಣ್ಣ ಬಾಟಲಿಗೆ ಎರಡು ಚಮಚ ಲಿಂಬೆರಸ ಹಾಕಿ. ಬಲೂನಿನೊಳಗೆ ಅರ್ಧ ಚಮಚ ಅಡುಗೆ ಸೋಡಾ ತುಂಬಿ, ಅದನ್ನು ಬಾಟಲಿಯ ಬಾಯಿಗೆ ಬಿಗಿಯಾಗಿ ಹಾಕಿ. ಈಗ ಬಲೂನನ್ನು ಎತ್ತಿ ಸೋಡಾ ಒಳಗೆ ಬೀಳುವಂತೆ ಮಾಡಿ. ಬಲೂನು ಏಕೆ ಉಬ್ಬಿತು? ಸೋಡಾ ಕುಡಿದವರ ಜಠರದಲ್ಲಿ ಏನಾಗುತ್ತದೆ ಎಂದು ಊಹಿಸಿ.
3. ಶಾಲೆಯ ಕೈತೋಟದಲ್ಲಿ ಹವೀಜವನ್ನು ಎರಡು ಹೋಳಾಗುವಂತೆ ಉಜ್ಜಿ ಬಿತ್ತಿರಿ. ಎರಡು ತಿಂಗಳ ಹೊತ್ತಿಗೆ ಬರುವ ಕೊಡೆಯಾಕಾರದ ಹೂಗೊಂಚಲಿನ ಚಿತ್ರ ಬರೆಯಿರಿ.
4. ನಿಮ್ಮ ಮನೆಯ ಹಿರಿಯರು ಹೇಳುವ ಐದು ಹೊಟ್ಟೆಯ ಮದ್ದುಗಳನ್ನು ಪಟ್ಟಿ ಮಾಡಿ. ಪ್ರತಿಯೊಂದರ ಮುಂದೆ 'ನಿರಪಾಯ', 'ಎಚ್ಚರ', 'ಬೇಡ' ಎಂದು ಗುರುತು ಹಾಕಿ, ಕಾರಣವನ್ನು ತರಗತಿಯಲ್ಲಿ ಚರ್ಚಿಸಿ.

ಅಜ್ಜಿಯ ಅಜವಾನದಲ್ಲಿ ಅನುಭವವಿದೆ, ವೈದ್ಯರ ಪರೀಕ್ಷೆಯಲ್ಲಿ ವಿಜ್ಞಾನವಿದೆ. ಯಾವಾಗ ಯಾವುದರ ಬಳಿ ಹೋಗಬೇಕು ಎಂದು ತಿಳಿದವರೇ ಜಾಣರು. ಇಂದು ಓದಿದ್ದನ್ನು ಮನೆಯಲ್ಲಿ ಎಲ್ಲರಿಗೂ ಹೇಳುವಿರಲ್ಲವೇ?